ಮುಂದಿನ ಚಕ್ರಗಳ ನಿಂಬೆಹಣ್ಣು

ಇದನ್ನು ಬರೆಯುವಾಗ ಮೊಮ್ಮಗಳು ನನ್ನ ಎಡತೊಡೆಯ ಮೇಲೆ ಮಲಗಿದ್ದಾಳೆ. ಬಲಗೈ ಬಿಡುವಾಗಿದೆ, ಅಷ್ಟು ಸಾಕು. ಅವಳು ಆಕಳಿಸಿದರೆ ಬರೆಯುವುದನ್ನು ನಿಲ್ಲಿಸಿ ನೋಡುತ್ತೇನೆ. ಸೀನಿದರೆ ಮನೆಯವರನ್ನೆಲ್ಲ ಕೂಗಿ ಕರೆದು ತೋರಿಸುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರವಣಿಗೆ ಮೊದಲೇ ನಿಧಾನ. ಇವಳ ದೆಸೆಯಿಂದ ಇನ್ನೂ ನಿಧಾನ. ಆದರೂ ಫೋರ್ ವೀಲ್ ಗಾಡಿ ಇಟ್ಟುಕೊಂಡವರು, ಅದಕ್ಕೆ ರೋಡ್‌ಸೈಡ್ ಅಸಿಸ್ಟೆನ್ಸ್ ಕವರ್ ಮಾಡಿಸಿ ನಿಶ್ಚಿಂತೆಯಿಂದ ಇರುವವರು ಓದಲಿ ಎಂದು ಕೂತಿದ್ದೇನೆ. ನಗು ಬಂದರೆ ನಗಿ. ಆ ದಿನ ನಮಗೆ ಬಂದಿರಲಿಲ್ಲ.

ನಮ್ಮ ಮನೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ. ಗಾಂಧಿನಗರದ ಸಿನಿಮಾದವರಿಗೆ ಬೆಟ್ಟಗುಡ್ಡದ ಲೊಕೇಶನ್‌ಗಳಿಗೆ ಲೈಟು, ಸ್ಟ್ಯಾಂಡು, ಕೇಬಲ್ಲು ಸಾಗಿಸುವುದು ನಮ್ಮ ಕೆಲಸ. ಟೆಂಪೋ ಹತ್ತದ ಕಡೆ ನಮ್ಮ ಗಾಡಿ ಹತ್ತಬೇಕು, ಅದಕ್ಕೇ ನಮ್ಮನ್ನು ಕರೆಯುವುದು. ಮೊದಲು ಯಜಮಾನರು ಓಡಿಸುತ್ತಿದ್ದರು. ಅವರ ಎಡಮಂಡಿ ಕೆಟ್ಟು ಕ್ಲಚ್ ತುಳಿಯಲು ಆಗದೆ ಹೋದ ಮೇಲೆ ನಾನು ಓಡಿಸುತ್ತೇನೆ. ಅವರು ಪಕ್ಕದ ಸೀಟಿನಲ್ಲಿ ಕೂತು, ಬ್ರೇಕೇ ಇಲ್ಲದ ಜಾಗದಲ್ಲಿ ಬ್ರೇಕು ಒತ್ತುತ್ತಾರೆ. ಹಳೆಯ ಜೀಪು ಗುಜರಿಗೆ ಹೋಗಿ, ಅದರ ಜಾಗಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಗಾಡಿ ಬಂದಿತ್ತು. ಗಾಡಿಯ ಜೊತೆಗೇ ಕವರ್ ಕೂಡ. ರಸ್ತೆಯಲ್ಲಿ ಎಲ್ಲಿ ನಿಂತರೂ ಫೋನ್ ಮಾಡಿದರೆ ಬಂದು ಸರಿ ಮಾಡುತ್ತಾರೆ, ಆಗದಿದ್ದರೆ ಎಳೆದುಕೊಂಡು ಹೋಗಿ ಗ್ಯಾರೇಜು ಸೇರಿಸುತ್ತಾರೆ, ರಿಪೇರಿಯೂ ಅವರದೇ.

ಇಂಥ ಗಾಡಿಯಲ್ಲಿ ದೊಡ್ಡ ಗೇರಿನ ಪಕ್ಕ ಇನ್ನೊಂದು ಚಿಕ್ಕ ಗೇರು ಇರುತ್ತದೆ. ಅದು ಎರಡರಲ್ಲಿದ್ದರೆ ಇಂಜಿನ್ನಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಮುಂದಿನವು ಸುಮ್ಮನೆ ಉರುಳುತ್ತವೆ. ನಾಲ್ಕಕ್ಕೆ ಹಾಕಿದರೆ ನಾಲ್ಕಕ್ಕೂ ಬಲ ಬರುತ್ತದೆ. ಕೆಸರು, ಮರಳು, ಮಣ್ಣಿನ ಏರು ಇದ್ದ ಕಡೆ ಮಾತ್ರ ನಾಲ್ಕು. ಒಣ ಟಾರು ರಸ್ತೆಯಲ್ಲಿ ಹಾಕಬಾರದು.

ಹೊಸ ಗಾಡಿಯ ಮೊದಲ ಬಾಡಿಗೆಯ ದಿನ ಬೆಳಗ್ಗೆ ಬಸವನಗುಡಿಯ ದೇವಸ್ಥಾನದ ಮುಂದೆ ಪೂಜೆ ಮಾಡಿಸಿದೆವು. ಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಾಯಿತು. ಇನ್ನೇನು ನಾನು ಗಾಡಿ ಮುಂದೆ ಬಿಡಬೇಕು, ಯಜಮಾನರು ಕೈ ಅಡ್ಡ ತಂದರು.

"ನಾಲ್ಕಕ್ಕೆ ಹಾಕೇ."

"ಯಾಕ್ರೀ? ಇದು ಟಾರು ರೋಡು."

"ಎರಡ್ರಲ್ಲಿ ಹೋದ್ರೆ ಹಿಂದಿನ ಎರಡು ನಿಂಬೆಹಣ್ಣು ಮಾತ್ರ ಸ್ವಂತ ಬಲದಲ್ಲಿ ತುಳಿದಂಗೆ. ಮುಂದಿನ ಎರಡು ಸುಮ್ನೆ ಉರುಳ್ಕೊಂಡು ಹೋಗ್ತವೆ. ಅದು ಪೂಜೆನಾ? ಫೋರ್ ವೀಲ್ ಗಾಡಿ ಅಂದ್ಮೇಲೆ ನಾಲ್ಕೂ ಚಕ್ರ ತಾನೇ ತುಳೀಬೇಕು."

ಪುರೋಹಿತರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇದಕ್ಕೆ ಶಾಸ್ತ್ರ ಏನು ಹೇಳುತ್ತದೆಯೋ ಇಬ್ಬರಿಗೂ ಗೊತ್ತಿರಲಿಲ್ಲ. ನಾಲ್ಕಕ್ಕೆ ಹಾಕಿ ತುಳಿಸಿದೆ. ಅಷ್ಟಕ್ಕೆ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. "ಹಂಗೇ ದೇವಸ್ಥಾನಕ್ಕೆ ಒಂದು ಪ್ರದಕ್ಷಿಣೆ ಹಾಕ್ಬಿಡು" ಎಂದರು. ಆ ಗಲ್ಲಿಗಳು ಎಷ್ಟು ಕಿರಿದು ಎಂದು ಆ ಕಡೆಯವರಿಗೆ ಗೊತ್ತು. ಮೂಲೆ ಮೂಲೆಗೂ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಒಂದು ಸುತ್ತು ಬಂದೆ. ಪ್ರತಿ ಮೂಲೆಯಲ್ಲೂ ಟೈರು ಕಿರ್ ಎಂದಿತು.

ತಿರುವಿನಲ್ಲಿ ಮುಂದಿನ ಚಕ್ರಗಳು ದೂರದ ದಾರಿ ಸುತ್ತುತ್ತವೆ, ಹಿಂದಿನವು ಹತ್ತಿರದ ದಾರಿ. ನಾಲ್ಕನ್ನೂ ಒಂದಕ್ಕೊಂದು ಕಟ್ಟಿಹಾಕಿದರೆ ಎಳೆದಾಡುತ್ತವೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ಜಗಳ ಬಿಡಿಸಿಕೊಳ್ಳುತ್ತದೆ. ಒಣ ರಸ್ತೆಯಲ್ಲಿ ಜಾರುವ ಹಾಗಿಲ್ಲ. ಒಳಗಿನ ಶಾಫ್ಟು ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಕೂರುತ್ತದೆ. ಪ್ರದಕ್ಷಿಣೆ ಮುಗಿಸಿ ಚಿಕ್ಕ ಗೇರನ್ನು ಎರಡಕ್ಕೆ ಎಳೆದರೆ ಬರಲಿಲ್ಲ. ಯಜಮಾನರು ಎರಡೂ ಕೈ ಹಾಕಿದರು. ಆಮೇಲೆ ಚೆನ್ನಾಗಿರುವ ಬಲಗಾಲಿನಿಂದ ಒದ್ದರು. ಒಳಗೆ ಠಕ್ ಎಂದು ಏನೋ ಸದ್ದಾಯಿತು. ಗೇರು ಎರಡಕ್ಕೆ ಬಂದು ಬೀಳುವಷ್ಟು ಸಡಿಲವಾಯಿತು. ಆದರೆ ಗಾಡಿ ನಾಲ್ಕರಲ್ಲಿದೆ ಎಂದು ತೋರಿಸುವ ಹಸಿರು ದೀಪ ಆರಲಿಲ್ಲ.

"ರೀ, ಜೆ.ಸಿ. ರೋಡಲ್ಲಿ ಯಾವ್ದಾದ್ರೂ ಗ್ಯಾರೇಜಿಗೆ ತೋರಿಸಿ ಹೋಗೋಣ."

"ಸಾಮಾನು ಕಾಯ್ತಾ ಇದೆ, ನಡಿ. ಬೆಟ್ಟದಲ್ಲಿ ಹೆಂಗೂ ನಾಲ್ಕೇ ಬೇಕು. ಏನಾದ್ರೂ ಆದ್ರೆ ಫೋನ್ ಮಾಡಿದ್ರೆ ಬರ್ತಾರೆ. ಕವರ್ ಇರೋದು ಮತ್ಯಾಕೆ?"

ಕವರ್ ಇಲ್ಲದಿದ್ದರೆ ಇಬ್ಬರೂ ಹಾಗೆ ಹೊರಡುತ್ತಿರಲಿಲ್ಲ. ಹಳೆಯ ಜೀಪಿನ ಕಾಲದಲ್ಲಿ ಒಂದು ನಟ್ಟು ಅಲುಗಾಡಿದರೂ ಬಿಗಿ ಮಾಡದೆ ಇವರು ಗಾಡಿ ಹತ್ತಿದವರಲ್ಲ.

ಸಾಮಾನು ತುಂಬಿಕೊಂಡು ಊರು ಬಿಟ್ಟೆವು. ಮಗಳಿಗೆ ದಿನ ತುಂಬಲು ಇನ್ನೂ ತಿಂಗಳ ಮೇಲಿತ್ತು. ಅವಳು ವೈಯಾಲಿಕಾವಲ್‌ನಲ್ಲಿ ಗಂಡನ ಮನೆಯಲ್ಲಿದ್ದಳು. ಹೆರಿಗೆಗೆ ಕರೆದುಕೊಂಡು ಬರುವ ಶಾಸ್ತ್ರ ಮುಂದಿನ ವಾರ ಎಂದು ಮಾತಾಗಿತ್ತು. ಅವಳಿಗೆ ಇಷ್ಟವಾದ ಮೆಂತ್ಯದ ಹಿಟ್ಟು ಮಾಡಿಸಿಡಬೇಕು ಎಂದುಕೊಳ್ಳುತ್ತ ನಾನು ಓಡಿಸುತ್ತಿದ್ದೆ. ನೇರ ರಸ್ತೆಯಲ್ಲಿ ಗಾಡಿ ಸ್ವಲ್ಪ ಗುಂಯ್ ಎನ್ನುತ್ತಿತ್ತು, ಅಷ್ಟೇ.

ಬೆಟ್ಟದ ಬುಡಕ್ಕೆ ಬಂದು ನೋಡಿದರೆ, ಮಣ್ಣಿನ ದಾರಿ ಎಂದು ಸಿನಿಮಾದವರು ಹೇಳಿದ್ದ ಜಾಗಕ್ಕೆಲ್ಲ ಕಾಂಕ್ರೀಟ್ ಹಾಕಿದ್ದರು. ಮೇಲೆ ಒಂದು ಪುಟ್ಟ ಗುಡಿ, ಅಲ್ಲಿಯವರೆಗೆ ಒಂದು ಗಾಡಿ ಅಗಲದ ರಸ್ತೆ, ಕೈ ಮಡಚಿದಂಥ ತಿರುವುಗಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. ಪ್ರತಿ ತಿರುವಿನಲ್ಲೂ ಗಾಡಿ ಮುಗ್ಗರಿಸುತ್ತ, ಮುಂದಿನ ಅಚ್ಚಿನಲ್ಲಿ ಕಟಕ್ ಕಟಕ್ ಎನ್ನುತ್ತ ಹತ್ತಿತು. ಗುಡಿಯ ಕಾವಲುಗಾರನ ಕೈಗೆ ಸಾಮಾನು ಒಪ್ಪಿಸಿ ನೀರು ಕುಡಿಯುವಾಗ ಅಳಿಯನ ಫೋನ್ ಬಂತು.

"ಅತ್ತೆ, ಗಾಬರಿ ಆಗ್ಬೇಡಿ."

ಹಾಗೆ ಹೇಳಿದ ಮೇಲೆ ಗಾಬರಿಯಾಗದೆ ಇನ್ನೇನು.

"ಪಾಪು ಹುಟ್ಬಿಡ್ತು, ಹೆಣ್ಣು. ಇವಳಿಗೆ ಬಿಪಿ ಏರ್ಬಿಟ್ಟು ಅರ್ಜೆಂಟಾಗಿ ಆಪರೇಷನ್ ಮಾಡಿದ್ರು. ಐಸಿಯುನಲ್ಲಿದಾಳೆ, ಪರವಾಗಿಲ್ಲ ಅಂತಿದಾರೆ. ಪಾಪು ತುಂಬ ಸಣ್ಣಗಿದೆ ಅತ್ತೆ. ಕಾವು ಕೊಡೋ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ರೂ ಮೈಬಿಸಿ ನಿಲ್ತಿಲ್ಲ. ಮನೆಯವರು ಯಾರಾದ್ರೂ ಎದೆಗೆ ಹಾಕ್ಕೊಂಡು ಕೂರ್ಬೇಕಂತೆ, ಚರ್ಮಕ್ಕೆ ಚರ್ಮ ತಾಗೋ ಹಂಗೆ. ನನಗೆ ಜ್ವರ, ಕೆಮ್ಮು. ಬಾಗಿಲಿಂದ ಒಳಗೇ ಬಿಡ್ತಿಲ್ಲ. ಎಷ್ಟೊತ್ತಿಗೆ ಬರ್ತೀರಾ?"

ಅವನಿಗೆ ತಾಯಿ ಇಲ್ಲ. ಮನೆಯವರು ಎಂದರೆ ನಾನೇ. "ಹೊರಟೆ ಕಣಪ್ಪ" ಎಂದೆ.

ಇಳಿಯುವಾಗ ಎರಡನೇ ತಿರುವಿನಲ್ಲಿ ಗಾಡಿ ನಿಂತುಬಿಟ್ಟಿತು. ಇಂಜಿನ್ ಓಡುತ್ತಿದೆ, ಕ್ಲಚ್ ಬಿಟ್ಟರೆ ಮೈಯೆಲ್ಲ ನಡುಗುತ್ತದೆ, ಚಕ್ರ ಮಾತ್ರ ಅಲ್ಲಾಡುವುದಿಲ್ಲ. ಸ್ಟಿಯರಿಂಗು ಕಲ್ಲಿನಂತೆ ಬಿಗಿದಿತ್ತು. ಇಂಥ ತಿರುಚು ಬಿಡಿಸಲು ನೇರ ಹಿಂದಕ್ಕೆ ಒಂದಷ್ಟು ದೂರ ಓಡಿಸಬೇಕು, ಅದು ನನಗೂ ಗೊತ್ತು. ತಿರುವಿಗೆ ಅಡ್ಡಲಾಗಿ ನಿಂತ ಗಾಡಿ ನೇರ ಹಿಂದಕ್ಕೆ ಹೋದರೆ ರಸ್ತೆಯಂಚಿನ ಇಳಿಜಾರು. ಒಂದು ಗೇಣು ಹೋಗಿ ನೋಡಿದೆ. ಯಜಮಾನರು ಕೆಳಗಿಳಿದು ನಿಂತು, "ಸಾಕು, ಸಾಕು, ಸಾಕು ಕಣೇ" ಎಂದು ಬಾನೆಟ್ ಬಡಿದರು.

ಬಂಡೆಯ ಮೇಲೆ ಹತ್ತಿ ನಿಂತರೆ ಸಿಗ್ನಲ್ ಸಿಗುತ್ತಿತ್ತು. ಅಲ್ಲಿಂದ ಕವರಿನವರಿಗೆ ಫೋನ್ ಮಾಡಿದೆ. ಒಬ್ಬಳು ಹುಡುಗಿ ಎತ್ತಿಕೊಂಡಳು.

"ಗಾಡಿ ಸ್ಟಾರ್ಟ್ ಆಗ್ತಿದೆಯಾ ಮೇಡಂ?"

"ಆಗ್ತಿದೆ."

"ಬ್ಯಾಟರಿ ಪ್ರಾಬ್ಲಮ್?"

"ಇಲ್ಲಮ್ಮ."

"ಪಂಕ್ಚರ್? ಡೀಸೆಲ್ ಖಾಲಿ? ಕೀ ಒಳಗೆ ಲಾಕ್ ಆಗಿದೆಯಾ?"

"ಯಾವುದೂ ಇಲ್ಲಮ್ಮ. ಎಲ್ಲ ಚೆನ್ನಾಗಿದೆ."

"ಹಾಗಾದ್ರೆ ಬ್ರೇಕ್‌ಡೌನ್ ಏನು ಮೇಡಂ?"

"ಗಾಡಿ ತಿರುಗ್ತಿಲ್ಲ. ನಾಲ್ಕು ಚಕ್ರಾನೂ ಕಚ್ಕೊಂಡ್ಬಿಟ್ಟಿದೆ."

ಆ ಕಡೆ ಕಂಪ್ಯೂಟರಿನ ಮೇಲೆ ಬೆರಳು ಬಡಿಯುವ ಸದ್ದು. "ಮೇಡಂ, ತಿರುಗ್ತಿಲ್ಲ ಅನ್ನೋದು ನನಗೆ ಇಲ್ಲಿ ತೋರಿಸ್ತಿಲ್ಲ. 'ಇತರೆ' ಅಂತ ಹಾಕ್ತೀನಿ, ಆಗ್ಬಹುದಾ?"

"ಏನಾದ್ರೂ ಹಾಕಮ್ಮ. ಬೇಗ ಕಳಿಸು."

ಗಾಡಿಯನ್ನು ಪೂರ್ತಿ ಮೇಲೆ ಹೊತ್ತುಕೊಂಡು ಹೋಗುವ ಲಾರಿ ಆ ತಿರುವಿಗೆ ಬರುವುದಿಲ್ಲ ಎಂದಳು. ಮುಂದಿನ ಚಕ್ರ ಎತ್ತಿ ಎಳೆಯುವ ಕ್ರೇನ್ ಕಳಿಸಬಹುದು, ಆದರೆ ಹತ್ತಿರದಲ್ಲಿ ಯಾವುದೂ ಇಲ್ಲ, ಸಂಜೆಯಾಗಬಹುದು, ಖಚಿತವಾಗಿ ಹೇಳಲಾಗದು. ನಾಲ್ಕೂ ಚಕ್ರ ಒಂದಕ್ಕೊಂದು ಬಿಗಿದಿರುವಾಗ ಮುಂದಿನದನ್ನು ಎತ್ತಿ, ಹಿಂದಿನದನ್ನು ನೆಲದ ಮೇಲೆ ಎಳೆದರೆ ಒಳಗಿನ ಗೇರುಪೆಟ್ಟಿಗೆ ಪುಡಿಯಾಗುತ್ತದೆ ಎಂದೆ. ಅದನ್ನು ಅವರ ಟೆಕ್ನಿಷಿಯನ್ ಬಂದು ನೋಡುತ್ತಾನೆ ಎಂದಳು.

"ಅಲ್ಲೀವರೆಗೂ ನೀವು ಗಾಡಿ ಬಿಟ್ಟು ಹೋಗೋ ಹಾಗಿಲ್ಲ ಮೇಡಂ. ಯಾವ ಪಾರ್ಟೂ ಬಿಚ್ಚೋ ಹಾಗಿಲ್ಲ. ಬಿಚ್ಚಿದ್ರೆ ಕವರ್ ಕ್ಯಾನ್ಸಲ್ ಆಗುತ್ತೆ, ರಿಪೇರಿನೂ ಬರಲ್ಲ."

ಮೊಮ್ಮಗಳ ವಿಷಯ ಹೇಳಿದೆ. ಈಗ ಬೆರಳಿನ ಸದ್ದೂ ನಿಂತಿತು.

"ನಾನೇನ್ ಮಾಡ್ಲಿ ಹೇಳಿ ಆಂಟಿ" ಎಂದಳು. ಮೇಡಂ ಹೋಗಿ ಆಂಟಿ ಆಗಿದ್ದೆ. "ನನ್ ಕೈಲಿರೋದು ಇಷ್ಟೇ. ಅರ್ಜೆಂಟ್ ಅಂತ ಬರೆದಿದೀನಿ."

ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಅಳುವಾದರೂ ತಡೆಯುತ್ತಿತ್ತು.

ಕೆಳಗಿನ ಊರಿನಿಂದ ಬೆಂಗಳೂರಿನ ಕಡೆಗೆ ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು. ಬೆಳಗಿನದು ಹೋಗಿತ್ತು. ಬೆಟ್ಟದಲ್ಲಿ ಬೇರೆ ಗಾಡಿ ಇರಲಿಲ್ಲ, ಇದ್ದಿದ್ದರೂ ನಮ್ಮದೇ ದಾರಿಗೆ ಅಡ್ಡ ನಿಂತಿತ್ತು. ನಾನು ಕಾಂಕ್ರೀಟಿನ ಮೇಲೆ ಕೂತೆ. ಬಿಸಿಲಿಗೆ ನೆಲ ಸುಡುತ್ತಿತ್ತು. ಇಷ್ಟು ಬಿಸಿ ಇಲ್ಲಿ ಸುಮ್ಮನೆ ಹಾಳಾಗುತ್ತಿದೆಯಲ್ಲ, ಅಲ್ಲಿ ಮಗು ತಣ್ಣಗಾಗುತ್ತಿದೆ ಎಂದು ಅನ್ನಿಸಿತು. ಅಂಗೈಗಳನ್ನು ನೆಲಕ್ಕೆ ಒತ್ತಿ ಕೂತೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಮತ್ತೆ ಬಂಡೆ ಹತ್ತಿ ನಿಂತಾಗ ಅಳಿಯನ ಎರಡನೇ ಫೋನ್ ಬಂತು. ಅವನು ಮೊದಲು ಕೆಮ್ಮಿದ. ಆಮೇಲೆ, "ಇನ್ನೂ ಇಳಿದಿದೆಯಂತೆ ಅತ್ತೆ, ಬಿಸಿ" ಎಂದ.

ಯಜಮಾನರು ಬಂಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಬಾನೆಟ್ಟಿನ ಹಾರ ಬಾಡಿ ಕರ್ರಗಾಗಿತ್ತು. ಅವರು ಅದನ್ನೇ ನೋಡುತ್ತಿದ್ದರು.

"ಮುಂದಿನ ಶಾಫ್ಟು ಬಿಚ್ಚಿಬಿಡೋಣ ಕಣ್ರೀ" ಎಂದೆ.

ಗೇರುಪೆಟ್ಟಿಗೆಯಿಂದ ಮುಂದಿನ ಅಚ್ಚಿಗೆ ಬಲ ಒಯ್ಯುವುದು ಒಂದು ಉದ್ದನೆಯ ಕಬ್ಬಿಣದ ಶಾಫ್ಟು. ಅದನ್ನು ತೆಗೆದುಬಿಟ್ಟರೆ ಮುಂದಿನ ಚಕ್ರಕ್ಕೂ ಇಂಜಿನ್ನಿಗೂ ಸಂಬಂಧವಿಲ್ಲ. ಹಿಂದಿನ ಎರಡರ ಮೇಲೆ ಗಾಡಿ ಓಡುತ್ತದೆ.

"ಕವರ್ ಹೋಗುತ್ತೆ."

"ಹೋಗ್ಲಿ."

"ಒಳಗೆ ಮುರಿದಿದ್ರೆ ಆಮೇಲೆ ಯಾರೂ ಮಾಡ್ಕೊಡಲ್ಲ ಕಣೇ. ನಮ್ ಕೈಲಿ ಆಗೋ ರಿಪೇರಿ ಅಲ್ಲ ಅದು. ನಾಲ್ಕು ಚಕ್ರ ಇಲ್ಲದ ಗಾಡಿ ಇಟ್ಕೊಂಡು ಬೆಟ್ಟಕ್ಕೆ ನಮ್ಮನ್ನ ಯಾರು ಕರೀತಾರೆ?"

"ನಾನೀಗ ಬೆಟ್ಟ ಹತ್ತೋಕೆ ಹೋಗ್ತಿಲ್ಲ. ಮಗು ಎತ್ಕೊಳ್ಳೋಕೆ ಹೋಗ್ತಿದೀನಿ."

ಅವರು ಬಂಡೆ ಹಿಡಿದುಕೊಂಡು ಎದ್ದರು. "ನನ್ ಮಂಡಿ ಮಡಿಚಲ್ಲ. ಕೆಳಗೆ ನೀನೇ ಹೋಗ್ಬೇಕು."

ಜೀವಮಾನವೆಲ್ಲ ಅವರು ಗಾಡಿಯ ಕೆಳಗೆ, ನಾನು ಹೊರಗೆ. "ಹದಿನಾಲ್ಕು ಕೊಡೇ" ಎಂದರೆ ಹದಿನಾಲ್ಕರ ಸ್ಪ್ಯಾನರ್ ಕೊಡುತ್ತಿದ್ದವಳು. ಈಗ ನಾನು ಸೆರಗು ಸೊಂಟಕ್ಕೆ ಬಿಗಿದು ಗೋಣಿಚೀಲ ಹಾಸಿ ಒಳಗೆ ತೆವಳಿದೆ. ಅದಕ್ಕೆ ಮೊದಲು ಅವರು ನನ್ನ ಕೈಯಲ್ಲಿ ನಾಲ್ಕು ಚಕ್ರಕ್ಕೂ ಕಲ್ಲು ಕೊಡಿಸಿ, ಹ್ಯಾಂಡ್ ಬ್ರೇಕ್ ಎರಡೆರಡು ಸಲ ನೋಡಿದರು. ಆಮೇಲೆ ಬಂಡೆಯ ಕಡೆಯ ಮುಂದಿನ ಚಕ್ರಕ್ಕೆ ಜಾಕ್ ಕೊಟ್ಟೆವು. ಚಕ್ರ ನೆಲ ಬಿಟ್ಟ ತಕ್ಷಣ, ಯಾರೂ ಮುಟ್ಟದೆ, ತಾನಾಗಿಯೇ ಗರ್ರನೆ ತಿರುಗಿ ನಿಂತಿತು. ಬೆಳಗಿನ ಪ್ರದಕ್ಷಿಣೆಯಿಂದ ಹಿಂಡಿಕೊಂಡು ಕೂತಿದ್ದ ಬಿಗುವೆಲ್ಲ ಅದು. ಯಜಮಾನರು ಬಗ್ಗಿ ಚಿಕ್ಕ ಗೇರು ಎಳೆದು ನೋಡಿದರು. ಹಸಿರು ದೀಪ ಆರಲಿಲ್ಲ.

"ಒಳಗೆ ಮುರಿದಿದೆ" ಎಂದರು. "ನಾನು ಒದ್ದಾಗಲೇ."

ಹದಿನಾಲ್ಕು ಕೊಡಿ ಎಂದೆ.

ಶಾಫ್ಟಿನ ಎರಡೂ ತುದಿಗೆ ನಾಲ್ಕು ನಾಲ್ಕು ಬೋಲ್ಟು. ಹಿಂದಿನ ತುದಿಯವು ಸುಲಭವಾಗಿ ಬಂದವು. ಮುಂದಿನ ತುದಿಯವು ತುಕ್ಕು ಹಿಡಿದಿದ್ದವು. ಪೂಜೆಯ ಬುಟ್ಟಿಯಲ್ಲಿ ದೀಪದ ಎಳ್ಳೆಣ್ಣೆ ಉಳಿದಿತ್ತು. ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ ಒಂದೊಂದು ಬೋಲ್ಟಿಗೂ ಸುತ್ತಿಟ್ಟೆ. ಬಿಚ್ಚಿದ ನಟ್ಟುಗಳನ್ನು ಯಜಮಾನರು ಕುಂಕುಮದ ಭರಣಿಗೆ ಹಾಕುತ್ತಿದ್ದರು. ಕೊನೆಯ ಬೋಲ್ಟು ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಸ್ಪ್ಯಾನರ್ ಜಾರಿ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಇನ್ನೊಂದು ಸಲ ಜಾರಿ ಬೋಲ್ಟಿನ ಮೂಲೆ ಸವೆಯಿತು. ಪೂರ್ತಿ ಸವೆದರೆ ಅದನ್ನು ಹಿಡಿಯಲು ಇನ್ನೇನೂ ಇರುವುದಿಲ್ಲ. ಕಣ್ಣಿಗೆ ತುಕ್ಕಿನ ಪುಡಿ ಬೀಳುತ್ತಿತ್ತು. ಅಲ್ಲೇ ಮಲಗಿದ್ದು, ಇದು ಬರುವುದಿಲ್ಲ, ನಾನು ಅವಳ ಮುಖ ನೋಡುವುದಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಈವರೆಗೆ ಯಾರಿಗೂ ಹೇಳಿಲ್ಲ.

"ಏನಾಯ್ತೇ?" ಮೇಲಿಂದ ಅವರು.

"ಏನಿಲ್ಲ."

"ಎಳೀಬೇಡ. ಮೊದ್ಲು ಬಿಗಿ ಮಾಡೋ ಕಡೆಗೆ ಒಂದು ಚೂರು ತಳ್ಳು. ಆಮೇಲೆ ವಾಪಸ್ ಬಾ." ಜಾಕಿನ ಪೈಪನ್ನು ಒಳಗೆ ದಬ್ಬಿದರು. "ಇದನ್ನ ಸ್ಪ್ಯಾನರ್ ಬಾಲಕ್ಕೆ ಸಿಕ್ಕಿಸ್ಕೊ. ಕೈಯಲ್ಲಲ್ಲ, ಪಾದದಲ್ಲಿ ತಳ್ಳು."

ಬಿಗಿ ಮಾಡುವ ಕಡೆಗೆ ಒಂದು ಚೂರು ತಳ್ಳಿದೆ. ಮತ್ತೆ ಪೈಪಿಗೆ ಪಾದ ಕೊಟ್ಟು ಬಿಚ್ಚುವ ಕಡೆಗೆ ಒದ್ದೆ. ಕೀಂಯ್ ಎಂದು ಕೂಗಿ ಬೋಲ್ಟು ಬಿಟ್ಟುಕೊಂಡಿತು. ಶಾಫ್ಟು ನನ್ನ ಪಕ್ಕಕ್ಕೆ ಬಿತ್ತು.

ಅದನ್ನು ಗೋಣಿಚೀಲದಲ್ಲಿ ಸುತ್ತಿ ಹಿಂದೆ ಹಾಕಿ, ಜಾಕ್ ಇಳಿಸಿ, ಕಲ್ಲು ತೆಗೆದು, ಸ್ಟಿಯರಿಂಗ್ ತಿರುಗಿಸಿದೆ. ತೊಟ್ಟಿಲು ತೂಗಿದಷ್ಟು ಹಗುರವಾಗಿ ತಿರುಗಿತು. ಮತ್ತೆ ಬಂಡೆ ಹತ್ತಿ ಕವರಿನ ಹುಡುಗಿಗೆ ಫೋನ್ ಮಾಡಿ, "ಕ್ರೇನ್ ಬೇಡಮ್ಮ, ಬಿಚ್ಚಿಬಿಟ್ವಿ" ಎಂದೆ. "ಕ್ಯಾನ್ಸಲ್ ಅಂತ ಬರೀಬೇಕಾಗುತ್ತೆ ಆಂಟಿ" ಎಂದಳು. ಬರಿ ಎಂದೆ. "ಪಾಪು ಹುಷಾರಾಗ್ಲಿ" ಎಂದು ಇಟ್ಟಳು.

ದಾರಿಯುದ್ದಕ್ಕೂ ಅಳಿಯನ ಫೋನ್ ಬರಲಿಲ್ಲ. ಬಾರದಿರುವುದಕ್ಕೆ ಏನರ್ಥ ಎಂದು ಯೋಚಿಸುತ್ತ ಓಡಿಸಿದೆ. ಆಸ್ಪತ್ರೆ ಇರುವ ಸಂಪಿಗೆ ರಸ್ತೆಗೆ ಬರುವಷ್ಟರಲ್ಲಿ ಸಂಜೆಯ ಜನ ತುಂಬಿತ್ತು, ಗಾಡಿಗಳು ಅಂಟಿಕೊಂಡು ನಿಂತಿದ್ದವು. ಆಸ್ಪತ್ರೆ ಕಣ್ಣಿಗೆ ಕಾಣುತ್ತಿದೆ, ಹೋಗಲು ದಾರಿಯಿಲ್ಲ.

"ಇಳಿ" ಎಂದರು ಯಜಮಾನರು. "ಇಂಡಿಕೇಟರ್ ಹಾಕ್ಬಿಟ್ಟು ಇಳಿದು ಓಡು. ಬಯ್ಯೋರು ನನ್ನ ಬಯ್ಲಿ." ಇಳಿದವಳ ಕೈಗೆ ಪೂಜೆಯಲ್ಲಿ ಉಳಿದಿದ್ದ ಒಂದು ನಿಂಬೆಹಣ್ಣು ತುರುಕಿದರು. "ಸೋಪಿಗೆ ಗ್ರೀಸು ಹೋಗಲ್ಲ. ಇದ್ರಲ್ಲಿ ಉಜ್ಜು."

ಅವರು ಹೇಳಿದ್ದು ಸರಿಯಾಗಿತ್ತು. ಬಾಗಿಲಲ್ಲಿದ್ದ ನರ್ಸು ನನ್ನ ಕೈ ನೋಡಿ ಹೌಹಾರಿದರು.

"ಅಜ್ಜಿ, ಏನಿದು? ಈ ಕೈಯಲ್ಲಿ ಪಾಪು ಮುಟ್ತೀರಾ?"

"ಇದೆಯಾಮ್ಮ ಪಾಪು?" ಎಂದೆ. ಅಷ್ಟೇ ಬಾಯಿಗೆ ಬಂದದ್ದು.

"ಇದೆ ಅಜ್ಜಿ. ನಿಮ್ಮನ್ನೇ ಕಾಯ್ತಿದೆ. ಕೈ ತೊಳೀರಿ ಮೊದ್ಲು."

ಆಸ್ಪತ್ರೆಯ ಸೋಪಿನಲ್ಲಿ ಉಜ್ಜಿದೆ, ನಿಂಬೆಹಣ್ಣನ್ನು ಹಲ್ಲಿನಲ್ಲಿ ಸೀಳಿ ಉಜ್ಜಿದೆ. ಕಿತ್ತ ಗೆಣ್ಣು ಉರಿದು ಕಣ್ಣಲ್ಲಿ ನೀರು ಬಂತು. ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಲಿಲ್ಲ. ಆ ನರ್ಸು ಬೈಯುತ್ತಲೇ ನನ್ನ ಕೈ ಹಿಡಿದು, ಒಂದೊಂದು ಉಗುರನ್ನೂ ಬುಡದ ತನಕ ಕತ್ತರಿಸಿ, ಗಾಯಕ್ಕೆ ಪಟ್ಟಿ ಹಾಕಿ, ಮತ್ತೆ ತೊಳೆಸಿ ಒಳಗೆ ಬಿಟ್ಟರು. ರವಿಕೆ ತೆಗೆಸಿ, ಮುಂದೆ ತೆರೆಯುವ ನಿಲುವಂಗಿ ಹಾಕಿಸಿ, ಕುರ್ಚಿಯಲ್ಲಿ ಒರಗಿಸಿದರು.

ಎದೆಯ ಮೇಲೆ ಇಟ್ಟಾಗ ಅವಳು ಬೆಳಗಿನ ಹಿತ್ತಾಳೆ ಚೊಂಬಿನಷ್ಟು ತಣ್ಣಗಿದ್ದಳು. ಮುಖ ನನ್ನ ಅಂಗೈಗಿಂತ ಚಿಕ್ಕದು. ಉಸಿರಾಡುತ್ತಾಳೆ, ನಿಲ್ಲಿಸುತ್ತಾಳೆ, ಏನೋ ನೆನಪಾದ ಹಾಗೆ ಮತ್ತೆ ಆಡುತ್ತಾಳೆ. ಅವಳು ನಿಲ್ಲಿಸಿದಾಗೆಲ್ಲ ನಾನೂ ನಿಲ್ಲಿಸುತ್ತಿದ್ದೆ. ಮೇಲೆ ಹೊದಿಸಿದರು. ನರ್ಸು ಬಂದು ಬಿಸಿ ನೋಡಿ ಏನೂ ಹೇಳದೆ ಹೋದರು. ಮತ್ತೆ ಬಂದು ನೋಡಿ ಏನೂ ಹೇಳದೆ ಹೋದರು. ನನ್ನ ಬೆನ್ನು ಮರಗಟ್ಟಿತು, ಅಲುಗಾಡಲಿಲ್ಲ. ಮೂರನೆಯ ಸಲ ಬಂದಾಗ, "ಏರ್ತಿದೆ ಅಜ್ಜಿ" ಎಂದರು.

ಇನ್ನು ಗಾಡಿಯ ವಿಷಯ. ಗ್ಯಾರೇಜಿನಲ್ಲಿ ಬಿಚ್ಚಿಸಿ ನೋಡಿದರೆ, ಚಿಕ್ಕ ಗೇರಿನ ಕೆಳಗೆ ಹಲ್ಲುಚಕ್ರ ಸರಿಸುವ ಕವಲು ಮುರಿದು, ಅದರ ತುಣುಕು ಹಲ್ಲುಗಳ ನಡುವೆ ಸಿಕ್ಕಿ ಪೆಟ್ಟಿಗೆಯೇ ಹಾಳಾಗಿತ್ತು. ನಾವೇ ಬಿಚ್ಚಿದ್ದರಿಂದ ಕವರಿನವರು ಒಪ್ಪಲಿಲ್ಲ. ಅವರ ನಿಯಮ ಅವರು ಹೇಳಿಯೇ ಇದ್ದರು. ಸಿನಿಮಾದವರು ಬೆಟ್ಟದ ಕೆಲಸಕ್ಕೆ ಬೇರೆಯವರನ್ನು ನೋಡಿಕೊಂಡರು. ಈಗ ನಾವು ಹೋಗುವುದು ಸಮತಟ್ಟಾದ ಜಾಗಗಳಿಗೆ, ಟೆಂಪೋದವರ ಜೊತೆ ಪೈಪೋಟಿ ಮಾಡಿಕೊಂಡು. ಶಾಫ್ಟು ನಮ್ಮ ಮಂಚದ ಕೆಳಗಿದೆ. ಯಜಮಾನರು ಕೆಲವು ದಿನ ಅದನ್ನು ಹೊರಗೆಳೆದು ಒರೆಸಿ ಮತ್ತೆ ಒಳಗಿಡುತ್ತಾರೆ. ನಾನು ನೋಡದವಳ ಹಾಗೆ ಇರುತ್ತೇನೆ. ಓದುವವರಿಗೆ ನನಗೆ ಹೇಳಲು ಬರುವುದು ಇಷ್ಟೇ: ಕವರ್ ಇಟ್ಟುಕೊಳ್ಳಿ, ಆದರೆ ಅದನ್ನು ನಂಬಿ ಗಾಡಿಯ ಒಂದು ಸದ್ದನ್ನೂ ಕೇಳಿಸಿಕೊಳ್ಳದೆ ಬಿಡಬೇಡಿ. ಒಣ ರಸ್ತೆಯಲ್ಲಿ ನಾಲ್ಕಕ್ಕೆ ಹಾಕಬೇಡಿ, ದೇವರ ಹೆಸರಿನಲ್ಲಂತೂ ಬೇಡವೇ ಬೇಡ.

ಮಗಳನ್ನೂ ಮೊಮ್ಮಗಳನ್ನೂ ಮನೆಗೆ ಕರೆತರುವ ದಿನ ಆಸ್ಪತ್ರೆಯ ಮುಂದೆ ಯಜಮಾನರು ನಿಂಬೆಹಣ್ಣು ತೆಗೆದರು. ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿ, ಹಿಂದಿನ ಚಕ್ರಗಳಿಗೆ ಒಂದೊಂದು ಇಟ್ಟು ಎದ್ದರು.

"ಅಪ್ಪ, ಮುಂದಿನ ಚಕ್ರಕ್ಕೆ?" ಎಂದಳು ಮಗಳು.

"ಅವು ಸುಮ್ನೆ ಜೊತೆಗೆ ಬರ್ತವೆ ಕಣಮ್ಮ, ನನ್ ಥರ" ಎಂದು ಪಕ್ಕದ ಸೀಟಿಗೆ ಹತ್ತಿದರು.

ನಿಂಬೆಹಣ್ಣು ತುಳಿದು ಸಂಪಿಗೆ ರಸ್ತೆಗೆ ಗಾಡಿ ಇಳಿಸಿದೆ. ಸಿಗ್ನಲ್ ಹಸಿರಾಗುವ ಹೊತ್ತಿಗೆ ಸರಿಯಾಗಿ ಹಿಂದಿನ ಸೀಟಿನಲ್ಲಿ ಸಣ್ಣಗೆ ಒಂದು ಸದ್ದಾಯಿತು. ನಾನು ಬ್ರೇಕ್ ಒತ್ತಿ ತಿರುಗಿ ನೋಡಿದೆ. ನೋಡುತ್ತಲೇ ಇದ್ದೆ. ಹಿಂದೆ ಹಾರ್ನುಗಳು ಶುರುವಾದವು. ಒಬ್ಬ ಆಟೋದವನು ಪಕ್ಕಕ್ಕೆ ಬಂದು ತಲೆ ಹೊರಹಾಕಿದ.

"ಏನ್ ಅಜ್ಜಿ, ಬ್ರೇಕ್‌ಡೌನಾ?"

"ಇಲ್ಲಪ್ಪ" ಎಂದೆ. "ಮೊಮ್ಮಗಳು ಸೀನಿದ್ಳು."